ಚನ್ನಪಟ್ಟಣದ ಚರಕಿಯೂ ಗಿರಾಕಿಯ ಮನಸ್ಸೂ

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬ ಗಾದೆಯನ್ನು ನಮ್ಮ ಹಿರಿಯರು ಉಡುಗೆ ತೊಡುಗೆಯ ಸಂದರ್ಭದಲ್ಲಿ ಹೇಳುತ್ತಿದ್ದರು. ನನಗಾದರೋ ಈ ಗಾದೆ ಕುಶಲಕರ್ಮಿಯ ಬದುಕಿಗೆ ಇನ್ನೂ ಚೆನ್ನಾಗಿ ಹೊಂದುತ್ತದೆ ಎನಿಸುತ್ತದೆ. ಅವನು ಮಾಡುವ ವಸ್ತು ಕೊಳ್ಳುವವನ ಕಣ್ಣಿಗೆ ಒಪ್ಪಬೇಕು. ಒಪ್ಪದಿದ್ದರೆ ಅವನ ಊಟವೂ ತನ್ನಿಚ್ಛೆಯಂತೆ ನಡೆಯದು. ಪರರ ನೋಟಕ್ಕೆ ತಕ್ಕಂತೆ ಬದಲಾಗುತ್ತಲೇ ತನ್ನ ಕೈಯ ವಿದ್ಯೆಯನ್ನು ಉಳಿಸಿಕೊಂಡು ಬಂದ ಒಂದು ಕಸುಬಿನ ಚರಿತ್ರೆಯನ್ನು ಇಂದು ಬರೆಯಬೇಕೆಂದಿದ್ದೇನೆ. ಅದು ಚನ್ನಪಟ್ಟಣದ ಅರಗಿನ ಕೆಲಸ, ಅಂದರೆ ಮರವನ್ನು ಕಡೆದು ಬಣ್ಣದ ಅರಗು ಹಚ್ಚುವ ಕೆಲಸ.

ಶ್ರೀರಂಗಪಟ್ಟಣಕ್ಕೆ ಹೊಂದಿಕೊಂಡಿರುವ ನಮ್ಮ ಬಾಬುರಾಯನಕೊಪ್ಪಲಿಗೂ ಚನ್ನಪಟ್ಟಣಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಎರಡೂ ಒಂದೇ ದಾರಿಯ ಮೇಲಿನ ಊರುಗಳು. ಬೆಂಗಳೂರು-ಮೈಸೂರು ಹಳೆಯ ಹೆದ್ದಾರಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಸುಮಾರು 65 ಕಿಲೋಮೀಟರು. ಈ ದಾರಿಯಲ್ಲಿ ಪ್ರತಿಯೊಂದು ಊರಿಗೂ ಒಂದು ಗುರುತಿತ್ತು. ರಾಮನಗರಕ್ಕೆ ರೇಷ್ಮೆ, ಚನ್ನಪಟ್ಟಣಕ್ಕೆ ಗೊಂಬೆ, ಮದ್ದೂರಿಗೆ ವಡೆ, ಮಂಡ್ಯಕ್ಕೆ ಸಕ್ಕರೆ, ಶ್ರೀರಂಗಪಟ್ಟಣಕ್ಕೆ ಇತಿಹಾಸ. ದಾರಿಹೋಕರು ನಿಂತು ಕೊಂಡರೆ ಈ ಊರುಗಳಿಗೆ ಬದುಕು, ನಿಲ್ಲದಿದ್ದರೆ ಇಲ್ಲ. ಈ ಸತ್ಯ ನಮ್ಮ ಊರಿನವರಿಗೂ ಗೊತ್ತು, ಅವರಿಗೂ ಗೊತ್ತು.

ಮೊದಲು 'ಕಡೆಯುವುದು' ಎಂಬ ಮಾತನ್ನೇ ನೋಡೋಣ. ಮೊಸರನ್ನು ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ತರಗತಿಯಲ್ಲಿ ಮಕ್ಕಳಿಗೆ ಈ ಎರಡು ಅರ್ಥಗಳನ್ನು ಹೇಳುವಾಗ, ಅವು ಒಂದೇ ಪದಕ್ಕೆ ಅಂಟಿಕೊಂಡದ್ದು ಆಕಸ್ಮಿಕವಲ್ಲವೆಂದು ತೋರಿಸಲು ನಾನು ಕಡೆಗೋಲಿನ ಚಿತ್ರ ಬರೆಯುತ್ತಿದ್ದೆ. ಕಡೆಗೋಲಿಗೆ ಹಗ್ಗ ಸುತ್ತಿ ಒಮ್ಮೆ ಬಲಗೈ, ಒಮ್ಮೆ ಎಡಗೈ ಎಳೆಯುತ್ತಿದ್ದರೆ ಕೋಲು ಅತ್ತ ಇತ್ತ ತಿರುಗುತ್ತದೆ. ಹಳೆಯ ಕೈಚರಕಿಯೂ ಹೀಗೆಯೇ. ಮರದ ತುಂಡನ್ನು ಎರಡು ಮೊಳೆಗಳ ನಡುವೆ ಹಿಡಿಸಿ, ಅದಕ್ಕೆ ಕಮಾನಿನ ದಾರ ಸುತ್ತಿ ಹಿಂದಕ್ಕೂ ಮುಂದಕ್ಕೂ ಎಳೆಯಬೇಕು. ಮರವು ತನ್ನ ಕಡೆಗೆ ತಿರುಗುವಾಗ ಮಾತ್ರ ಉಳಿ ತಾಗಿಸಬೇಕು, ಹಿಂದಿರುಗುವಾಗ ಸಡಿಲಿಸಬೇಕು. ಮಜ್ಜಿಗೆ ಕಡೆಯುವ ತಾಯಿಯೂ ಬುಗುರಿ ಕಡೆಯುವ ಬಡಗಿಯೂ ಒಂದೇ ಯಂತ್ರದ ಎರಡು ರೂಪಗಳನ್ನು ಬಳಸುತ್ತಿದ್ದರೆಂದರೆ ತಪ್ಪಾಗದು.

ನಮ್ಮ ಸೀಮೆಗೆ ಕಡೆಯುವ ವಿದ್ಯೆ ಹೊಸದೇನಲ್ಲ. ಕೃಷ್ಣರಾಜಪೇಟೆ ತಾಲೂಕಿನ ಕಿಕ್ಕೇರಿಯಲ್ಲಿ 1171ರಲ್ಲಿ ಕಟ್ಟಿದ ಬ್ರಹ್ಮೇಶ್ವರ ದೇವಾಲಯವಿದೆ. ಅದೇ ತಾಲೂಕಿನ ಹೊಸಹೊಳಲಿನಲ್ಲಿ ಸುಮಾರು 1250ರ ಲಕ್ಷ್ಮೀನಾರಾಯಣ ದೇವಾಲಯವಿದೆ. ಇವುಗಳ ನವರಂಗದ ಕಂಬಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಗಂಟೆಯಂತೆ ಉಬ್ಬಿ, ಕೊರಳಿನಂತೆ ಸಪುರವಾಗಿ, ಮತ್ತೆ ಬಿಲ್ಲೆಯಂತೆ ಅಗಲವಾಗುವ ಆ ದುಂಡಗಿನ ಕಂಬಗಳನ್ನು ಬಳಪದ ಕಲ್ಲಿನಲ್ಲಿ ಚರಕಿಯ ಮೇಲೆ ಕಡೆದದ್ದೆಂದು ಇತಿಹಾಸಕಾರರು ಹೇಳುತ್ತಾರೆ. ಗಣಿಯಿಂದ ತೆಗೆದಾಗ ಈ ಕಲ್ಲು ಮೆದು. ಗಾಳಿಗೆ ಒಡ್ಡಿಕೊಂಡಂತೆ ಗಡಸಾಗುತ್ತದೆ. ಚಾಲುಕ್ಯರ ಕಾಲದಿಂದ ಬಂದ ಈ ಬಗೆಯ ಕಂಬಗಳು ಹೊಯ್ಸಳ ದೊರೆಗಳಿಗೂ ದಂಡನಾಯಕರಿಗೂ ಅತ್ಯಂತ ಪ್ರಿಯವಾಗಿದ್ದವು. ಆದ್ದರಿಂದಲೇ ಅವು ಗುಡಿಯಿಂದ ಗುಡಿಗೆ ಹಬ್ಬಿದವು. ಕಟ್ಟಿಸುವವರ ಅಭಿರುಚಿ ಕಡೆಯುವವರ ಕೈಯನ್ನು ನಡೆಸಿದ್ದು ಅಂದೂ ಉಂಟು.

ಕಲ್ಲಿನಿಂದ ಮರಕ್ಕೂ ಗುಡಿಯಿಂದ ಮನೆಗೂ ಬರೋಣ. ನಮ್ಮ ಬಾಲ್ಯದ ಮನೆಗಳಲ್ಲಿ ಕಡೆದ ವಸ್ತುಗಳು ಎಷ್ಟೊಂದಿದ್ದವು! ತೊಟ್ಟಿಲಿನ ಕಾಲುಗಳು, ಮಂಚದ ಕಾಲುಗಳು, ಲಟ್ಟಣಿಗೆ, ಕಡೆಗೋಲು, ಬುಗುರಿ, ದೇವರ ಮುಂದಿನ ಅರಿಶಿನ ಕುಂಕುಮದ ಬಟ್ಟಲು. ನಮ್ಮ ತಾಯಿಯ ಕುಂಕುಮದ ಭರಣಿ ಚನ್ನಪಟ್ಟಣದ್ದು. ಕೆಂಪು ಮೈ, ಹಳದಿ ಅಂಚು, ಮುಚ್ಚಳದ ತುದಿಯಲ್ಲಿ ಮೊಗ್ಗಿನಂತಹ ಹಿಡಿ. ಮುಚ್ಚಳ ಎಷ್ಟು ಬಿಗಿಯಾಗಿ ಕೂರುತ್ತಿತ್ತೆಂದರೆ ತೆಗೆಯುವಾಗ ಸಣ್ಣಗೆ 'ಟಪ್' ಎಂದು ಸದ್ದಾಗುತ್ತಿತ್ತು. ಆ ಕಸುಬಿನಲ್ಲಿ ಮುಸಲ್ಮಾನ ಕುಟುಂಬಗಳವರೇ ಹೆಚ್ಚಾಗಿದ್ದರೆಂಬುದು ನನಗೆ ತಿಳಿದದ್ದು ದೊಡ್ಡವನಾದ ಮೇಲೆ. ಹಿಂದೂ ಮುತ್ತೈದೆಯ ಭರಣಿಯ ಅಳತೆ, ಬಣ್ಣ, ಮುಚ್ಚಳದ ಬಿಗಿ ಎಲ್ಲವೂ ಅವರಿಗೆ ಕರತಲಾಮಲಕವಾಗಿತ್ತು. ಗಿರಾಕಿಯ ಮನಸ್ಸನ್ನು ಅರಿಯುವುದೆಂದರೆ ಇದೇ ಅಲ್ಲವೇ?

ಈ ವಿದ್ಯೆ ಚನ್ನಪಟ್ಟಣಕ್ಕೆ ಬಂದ ಬಗೆಯನ್ನು ಹೇಳುವಾಗ ಜನ ನಮ್ಮ ಶ್ರೀರಂಗಪಟ್ಟಣವನ್ನು ನೆನೆಯುತ್ತಾರೆ. ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಅರಗಿನ ಕೆಲಸವನ್ನು ಕಲಿಸಿದನೆಂಬುದು ಜನಜನಿತವಾದ ಐತಿಹ್ಯ. ಮರದಲ್ಲಿ ಮಾಡಿದ ಒಂದು ಆಟಿಕೆಯನ್ನು ಟಿಪ್ಪು ಬಹಳ ಮೆಚ್ಚಿದ್ದನೆಂಬುದಕ್ಕಂತೂ ಕಣ್ಣೆದುರಿನ ಸಾಕ್ಷಿಯಿದೆ. ಬಿಳಿಯ ಸೈನಿಕನ ಮೇಲೆ ಎರಗಿರುವ ಮರದ ಹುಲಿ ಅದು. ಹಿಡಿಯನ್ನು ತಿರುಗಿಸಿದರೆ ಹುಲಿ ಗರ್ಜಿಸುತ್ತದೆ, ಮನುಷ್ಯ ನರಳುತ್ತಾನೆ. ಹುಲಿಯ ಹೊಟ್ಟೆಯೊಳಗೆ ನುಡಿಸಬಹುದಾದ ಒಂದು ಪುಟ್ಟ ಆರ್ಗನ್ ಕೂಡ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಇದು ಬ್ರಿಟಿಷರ ಕೈಸೇರಿತು. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಇದು ಚರಕಿಯ ಕೆಲಸವಲ್ಲ, ಕೆತ್ತನೆಯ ಕೆಲಸ. ಆದರೂ ಒಬ್ಬ ಗಿರಾಕಿಯ ಮನಸ್ಸಿಗೆ ಇಷ್ಟು ನಿಖರವಾಗಿ ಹೊಂದುವ ಆಟಿಕೆ ನಮ್ಮ ನಾಡಿನಲ್ಲಿ ಇನ್ನೊಂದು ಆಗಿರಲಾರದು!

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಮೈಸೂರು ಸೀಮೆಯಲ್ಲಿ ಸಂಚರಿಸಿದ. ಚನ್ನಪಟ್ಟಣದಲ್ಲಿ ಗಾಜಿನ ಕೆಲಸವನ್ನೂ ವಾದ್ಯಗಳಿಗೆ ಕಟ್ಟುವ ಉಕ್ಕಿನ ತಂತಿ ಎಳೆಯುವುದನ್ನೂ ಅವನು ದಾಖಲಿಸಿದ. ಬಿ.ಎಲ್. ರೈಸ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊರತಂದ ಮೈಸೂರು ಗೆಜೆಟಿಯರ್‌ನಲ್ಲಿ ಈ ಊರಿನ ಅರಗಿನ ಸಾಮಾನು ಮತ್ತು ಗೊಂಬೆ, ವಾದ್ಯದ ಉಕ್ಕಿನ ತಂತಿ, ಗಾಜಿನ ಬಳೆ ಇವುಗಳ ಪ್ರಸಿದ್ಧಿಯನ್ನು ಒಟ್ಟಿಗೇ ಹೇಳಿದ್ದಾರೆ. ಓದುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಒಂದೇ ಊರಿನಲ್ಲಿ ಮೂರು ಕಸುಬುಗಳು ಸಮನಾಗಿ ಹೆಸರು ಮಾಡಿದ್ದವು. ಇಂದು ಚನ್ನಪಟ್ಟಣವೆಂದೊಡನೆ ವೀಣೆಯ ತಂತಿಯಾಗಲಿ ಗಾಜಿನ ಬಳೆಯಾಗಲಿ ಯಾರ ನೆನಪಿಗೂ ಬಾರದು, ಗೊಂಬೆಯೊಂದೇ ಬರುತ್ತದೆ. ಎರಡು ಹೋಗಿ ಒಂದು ಉಳಿದದ್ದೇಕೆ? ತಂತಿ ಕೊಳ್ಳುವವನಿಗೆ ಬೇಕಾದುದು ತಂತಿಯೊಂದೇ. ಅದು ಬೇರೆಡೆಯಿಂದ ಅಗ್ಗವಾಗಿ ದೊರೆತರೆ ಕಥೆ ಮುಗಿಯಿತು. ಚರಕಿಯವನಾದರೋ ಭರಣಿ ಬೇಡವೆಂದರೆ ಬುಗುರಿ, ಬುಗುರಿ ಬೇಡವೆಂದರೆ ಬಟ್ಟಲು ಕಡೆಯಬಲ್ಲ. ದುಂಡಗಿರುವ ಯಾವುದೂ ಅವನಿಗೆ ಅನ್ಯವಲ್ಲ. ಅವನನ್ನು ಉಳಿಸಿದ್ದು ಈ ಗುಣವೇ ಎಂದು ನನ್ನ ನಂಬಿಕೆ.

ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸುತ್ತೇನೆ. ಚನ್ನಪಟ್ಟಣದವರು ಮುಖ್ಯವಾಗಿ ಬಳಸುವುದು ಆಲೆ ಮರ. ದೊಡ್ಡ ಮರವಲ್ಲ, ಕಾಂಡ ಸಪುರ. ಆದರೆ ಒಳಗಿನ ಮರ ದಂತದಂತೆ ಬಿಳಿ, ಎಳೆ ನಯ, ಉಳಿಗೆ ಮೃದು. ತೊಗಟೆ ಸುಲಿದು, ಕೆಲವು ತಿಂಗಳು ಒಣಗಿಸಿ, ತುಂಡು ಮಾಡಿ ಚರಕಿಗೆ ಹಿಡಿಸುತ್ತಾರೆ. ಆಕಾರ ಬಂದ ಮೇಲೆ ಉಜ್ಜಿ ನಯಗೊಳಿಸುತ್ತಾರೆ. ಅನಂತರ ಬರುವುದೇ ಈ ಕಲೆಯ ಜೀವಾಳ. ಅರಗನ್ನು ಕಾಯಿಸಿ, ಬಣ್ಣ ಸೇರಿಸಿ, ನಾದಿ, ಕಡ್ಡಿಗಳನ್ನಾಗಿ ಮಾಡಿಕೊಂಡಿರುತ್ತಾರೆ. ತಿರುಗುತ್ತಿರುವ ಮರಕ್ಕೆ ಆ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಾಟದ ಶಾಖಕ್ಕೇ ಅರಗು ಕರಗಿ ಮರದ ಮೈಗೆ ಅಂಟುತ್ತದೆ. ಕುಂಚವಿಲ್ಲ, ನೀರಿಲ್ಲ, ಒಣಗಲು ಕಾಯುವುದೂ ಇಲ್ಲ. ಕೊನೆಗೆ ಕೇದಗೆಯ ಜಾತಿಯ ಗರಿಯನ್ನು ಒತ್ತಿ ಹಿಡಿದರೆ ಅರಗು ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಇಷ್ಟೆಲ್ಲವೂ ಮರ ತಿರುಗುತ್ತಿರುವಾಗಲೇ ನಡೆಯಬೇಕು. ಭರಣಿ ಹೋಗಿ ಗೊಂಬೆ ಬಂದರೂ, ಕಮಾನು ಹೋಗಿ ವಿದ್ಯುತ್ ಮೋಟಾರು ಬಂದರೂ ಈ ಕ್ರಮ ಹಾಗೆಯೇ ಉಳಿದಿದೆ. ಇದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬರುವ ಬದಲಾವಣೆಗಳೆಲ್ಲ ಆಕಾರದ ಮತ್ತು ಬಣ್ಣದ ಬದಲಾವಣೆಗಳು.

1880ರ ದಶಕದ ಆರಂಭದಲ್ಲಿ ಬೆಂಗಳೂರು-ಮೈಸೂರು ರೈಲು ಬಂದ ಮೇಲೆ ಚನ್ನಪಟ್ಟಣದ ಗಿರಾಕಿ ನೆರೆಹೊರೆಯ ಗೃಹಿಣಿಯಷ್ಟೇ ಆಗಿ ಉಳಿಯಲಿಲ್ಲ. ದೂರದವರೂ ಬಂದರು. ಅವರಿಗೆ ಭರಣಿಗಿಂತ ಆಟಿಕೆ ಬೇಕಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಬಾವಾಸ್ ಮಿಯಾನ್ ಎಂಬವರು ಜಪಾನಿನ ಗೊಂಬೆ ತಯಾರಿಕೆಯ ತಂತ್ರವನ್ನು ಇಲ್ಲಿನವರಿಗೆ ಒಗ್ಗಿಸಿದರೆಂದು ಹೇಳುತ್ತಾರೆ. ಚನ್ನಪಟ್ಟಣದವರು ಅವರನ್ನು ಗೊಂಬೆಗಳ ಪಿತಾಮಹರೆಂದೇ ಸ್ಮರಿಸುತ್ತಾರೆ. ಇಲ್ಲಿ ಜಪಾನಿನ ಒಂದು ಸಂಗತಿಯನ್ನು ಹೇಳದಿದ್ದರೆ ಕಥೆ ಅಪೂರ್ಣ. ಆ ದೇಶದ ಈಶಾನ್ಯ ಭಾಗದ ತೋಹೊಕು ಸೀಮೆಯಲ್ಲಿ ಕೈಕಾಲುಗಳಿಲ್ಲದ, ದುಂಡು ತಲೆಯ, ಕೊಕೇಶಿ ಎಂಬ ಮರದ ಗೊಂಬೆಗಳಿವೆ. ಅವನ್ನು ಮೊದಲು ಮಾಡಿದವರು ಬೊಂಬೆಗಾರರಲ್ಲ. ಮರದ ಬಟ್ಟಲು ತಟ್ಟೆಗಳನ್ನು ಕಡೆಯುತ್ತಿದ್ದವರು. ಬಿಸಿನೀರಿನ ಬುಗ್ಗೆಗಳಿಗೆ ಸ್ನಾನಕ್ಕೆಂದು ಬರುವ ಯಾತ್ರಿಕರು ಮಕ್ಕಳಿಗೆ ಏನಾದರೂ ಕೊಂಡೊಯ್ಯಲು ಬಯಸುವುದನ್ನು ಕಂಡು, ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅವರು ಅದೇ ಚರಕಿಯಲ್ಲಿ ಗೊಂಬೆ ಕಡೆಯತೊಡಗಿದರು. ಬಟ್ಟಲಿನವರು ಗೊಂಬೆಯವರಾದದ್ದು ಅಲ್ಲಿಯೂ ದಾರಿಹೋಕ ಗಿರಾಕಿಗಾಗಿಯೇ.

ಸ್ವಾತಂತ್ರ್ಯಾನಂತರ ಇನ್ನೊಂದು ಬಗೆಯ ಗಿರಾಕಿ ಬಂದ. ಅವನು ಸರ್ಕಾರ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾಯಿತು. ಮಂಗಳೂರಿನವರಾದ ಕಮಲಾದೇವಿ ಚಟ್ಟೋಪಾಧ್ಯಾಯರು ಅದರ ನೇತೃತ್ವ ವಹಿಸಿದರು. ನಮ್ಮ ರಾಜ್ಯದಲ್ಲಿ 1964ರಲ್ಲಿ ಕರಕುಶಲ ಅಭಿವೃದ್ಧಿ ನಿಗಮ ಹುಟ್ಟಿತು. 'ಕಾವೇರಿ' ಮಳಿಗೆಗಳಲ್ಲಿ ಚನ್ನಪಟ್ಟಣದ ಸಾಮಾನು ಗಂಧದ ಆನೆಯ ಪಕ್ಕದಲ್ಲಿ ಕುಳಿತಿತು. ಇತ್ತ ರಸ್ತೆಯ ಬದಿಯಲ್ಲಿ ಅಂಗಡಿಗಳ ಸಾಲು ಬೆಳೆಯಿತು. 1970 ಮತ್ತು 80ರ ದಶಕಗಳಲ್ಲಿ ನಾನು ಬಸ್ಸಿನ ಕಿಟಕಿಯಿಂದ ಕಂಡದ್ದನ್ನು ಹೇಳುವುದಾದರೆ, ಆಟದ ಕುದುರೆ, ನಡೆಯಲು ಕಲಿಯುವ ಮಗುವಿನ ಮೂರು ಚಕ್ರದ ಗಾಡಿ, ಗಿಲಕಿ, ಅಡುಗೆಯಾಟದ ಸಾಮಾನು ಇವುಗಳೊಡನೆ ಬಾಗಿಲಿಗೆ ತೂಗುಹಾಕುವ ಮಣಿಯ ಪರದೆ, ಕಾರಿನ ಆಸನಕ್ಕೆ ಹಾಸುವ ಮಣಿಯ ಹೊದಿಕೆ, ಮರದ ಬಳೆ, ಸರ ಎಲ್ಲವೂ ತೂಗಾಡುತ್ತಿದ್ದವು. ನಗರದ ಮಧ್ಯಮವರ್ಗದ ಮನೆ ಹೇಗೆ ಬದಲಾಗುತ್ತಿತ್ತೆಂಬುದನ್ನು ಆ ಅಂಗಡಿಗಳನ್ನು ನೋಡಿಯೇ ಬರೆಯಬಹುದಾಗಿತ್ತು.

ಆ ವರ್ಷಗಳಲ್ಲಿ ಶಾಲಾ ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದೊಯ್ಯುವಾಗ ಚನ್ನಪಟ್ಟಣದಲ್ಲಿ ಅರ್ಧ ಗಂಟೆ ನಿಲ್ಲುತ್ತಿದ್ದೆವು. ಒಮ್ಮೆ ನಮ್ಮ ಹುಡುಗನೊಬ್ಬ ಅಂಗಡಿಯ ಹಿಂದಿನ ಕೊಟ್ಟಿಗೆಯಲ್ಲಿ ಕೆಲಸ ಮಾಡುತ್ತಿದ್ದ ವೃದ್ಧರ ಬಳಿಗೆ ಹೋಗಿ, "ನಿಮ್ಮ ಬುಗುರಿ ನೋಡಲು ಚಂದ, ಆದರೆ ನಮ್ಮೂರಿನ ಮಣ್ಣಿನಲ್ಲಿ ಆಡಿದರೆ ಉರುಳಿಬೀಳುತ್ತದೆ" ಎಂದುಬಿಟ್ಟ. ನಾನು ಗದರಿಸಲು ಬಾಯಿ ತೆರೆಯುವಷ್ಟರಲ್ಲಿ ಅವರು ಕೈಸನ್ನೆಯಿಂದ ನನ್ನನ್ನು ತಡೆದು, ಹುಡುಗನಿಂದ ಬುಗುರಿಯನ್ನು ಪಡೆದು, ಬೆರಳಿನಲ್ಲಿ ತಿರುಗಿಸಿ ನೋಡಿದರು. ಮತ್ತೆ ಚರಕಿಗೆ ಹಿಡಿಸಿ ಭುಜದ ಭಾಗವನ್ನು ಒಂದಿಷ್ಟು ಕಡೆದು ಇಳಿಸಿ, ಅರಗಿನ ಕಡ್ಡಿಯನ್ನು ತಾಗಿಸಿ, ಐದು ನಿಮಿಷದೊಳಗೆ ಹಿಂದಿರುಗಿಸಿದರು. "ಈಗ ಆಡು, ಬಿದ್ದರೆ ಬಂದು ಹೇಳು" ಎಂದರು. ಹೆಚ್ಚಿಗೆ ಹಣ ಕೇಳಲಿಲ್ಲ. ಗಿರಾಕಿಯ ಮಾತು ಕುಶಲಕರ್ಮಿಯ ಕೈಯನ್ನು ತಲುಪಲು ಅಂದು ಬೇಕಾಗಿದ್ದ ದೂರ ಮೂರು ಹೆಜ್ಜೆ ಮಾತ್ರ.

1990ರ ದಶಕದಲ್ಲಿ ಪ್ಲಾಸ್ಟಿಕ್ ಆಟಿಕೆಗಳೂ ಅವುಗಳ ಹಿಂದೆಯೇ ಚೀನಾದ ಆಟಿಕೆಗಳೂ ಬಂದವು. ಬ್ಯಾಟರಿ ಹಾಕಿದರೆ ಹಾಡುವ, ಓಡುವ, ಮಿನುಗುವ ವಸ್ತುವಿನ ಮುಂದೆ ಮರದ ಕುದುರೆ ಮಂಕಾಯಿತು. ನಮ್ಮ ಕೇರಿಯ ಮಕ್ಕಳೂ ಅದನ್ನೇ ಬಯಸಿದರು; ಅವರನ್ನು ದೂರಿ ಫಲವಿಲ್ಲ. ಆ ಕಾಲದಲ್ಲಿ ರಾಜ್ಯ ಸರ್ಕಾರದ 'ವಿಶ್ವ' ಯೋಜನೆಯಿಂದಲೂ ನೆದರ್ಲೆಂಡ್ಸ್ ಸರ್ಕಾರದಿಂದಲೂ ನೆರವು ದೊರೆಯಿತು. ಚನ್ನಪಟ್ಟಣದ ಕಲಾನಗರದಲ್ಲಿ 32 ಚರಕಿಗಳುಳ್ಳ ಅರಗಿನ ಕೆಲಸದ ಸಂಕೀರ್ಣವೊಂದು ಎದ್ದುನಿಂತಿತು. 2006ರ ಅಕ್ಟೋಬರ್ ವೇಳೆಗೆ 254 ಮನೆ ಘಟಕಗಳಲ್ಲಿ ಮತ್ತು 50 ಸಣ್ಣ ಕಾರ್ಖಾನೆಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಈ ಕೆಲಸದಲ್ಲಿದ್ದರೆಂದು ಲೆಕ್ಕ. 2005-06ರ ಸಾಲಿನಲ್ಲಿ 'ಚನ್ನಪಟ್ಟಣದ ಆಟಿಕೆ ಮತ್ತು ಗೊಂಬೆ' ಎಂಬ ಹೆಸರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. ಬೇರೆ ಊರಿನವರು ಈ ಹೆಸರಿನಲ್ಲಿ ಮಾರುವಂತಿಲ್ಲ. ಹೆಸರಿಗೆ ರಕ್ಷಣೆ ದೊರೆಯಿತು. ಆದರೆ ಕೊಳ್ಳುವವರನ್ನು ಕಾನೂನು ಕರೆತರಲಾರದು.

ಕರೆತಂದದ್ದು ಒಂದು ಭಯ. 2007ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿಯು ಚೀನಾದಲ್ಲಿ ತಯಾರಾದ ಸುಮಾರು ಹದಿನೈದು ಲಕ್ಷ ಆಟಿಕೆಗಳನ್ನು, ಅವುಗಳ ಬಣ್ಣದಲ್ಲಿ ಸೀಸ ಇರಬಹುದೆಂಬ ಕಾರಣಕ್ಕೆ, ಹಿಂದಕ್ಕೆ ಕರೆಸಿಕೊಂಡಿತು. ಮಗು ಆಟಿಕೆಯನ್ನು ನೋಡುವುದಕ್ಕಿಂತ ಬಾಯಿಗಿಡುವುದೇ ಹೆಚ್ಚು. ಆದ್ದರಿಂದ ತಾಯ್ತಂದೆಯರು ಬಣ್ಣ ಯಾವುದು, ಮರ ಯಾವುದು ಎಂದು ಕೇಳತೊಡಗಿದರು. ಮರ ಮತ್ತು ಅರಗು ಎಂಬ ಉತ್ತರ ಚನ್ನಪಟ್ಟಣದಲ್ಲಿ ಮೊದಲಿನಿಂದಲೂ ಇತ್ತು. ಬಣ್ಣವನ್ನು ಮಾತ್ರ ತಿದ್ದಿಕೊಳ್ಳಬೇಕಾಗಿತ್ತು. ಅರಿಶಿನದಿಂದ ಹಳದಿ, ನೀಲಿಗಿಡದಿಂದ ನೀಲಿ, ಕಾಚಿನಿಂದ ಕಂದು ಹೀಗೆ ಸಸ್ಯಮೂಲದ ಬಣ್ಣಗಳನ್ನು ಅರಗಿಗೆ ಬೆರೆಸುವುದು ಹೆಚ್ಚಿತು. ಆಂಧ್ರದ ಏಟಿಕೊಪ್ಪಾಕದವರು ಇದೇ ಮರ, ಇದೇ ಅರಗಿನಿಂದ ಕೆಲಸ ಮಾಡುವವರು. ಅಲ್ಲಿ ಸಸ್ಯವರ್ಣಗಳನ್ನು ಮರಳಿ ತಂದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಇಲ್ಲಿನ ಆಟಿಕೆಗಳ ಮೂಲೆಗಳು ಇನ್ನಷ್ಟು ದುಂಡಾದವು, ಮೊಳೆಗಳು ಮಾಯವಾದವು, ಗಾಢ ಕೆಂಪು-ಹಸಿರಿನ ಪಕ್ಕದಲ್ಲಿ ತೆಳುವರ್ಣಗಳು ಕಾಣಿಸಿಕೊಂಡವು. ಇವೆಲ್ಲವೂ ದೂರದೇಶದ, ಮುಖ ಕಾಣದ ಗಿರಾಕಿಯ ರುಚಿ.

ಮುಂದೆ ಸರ್ಕಾರದ ನೀತಿಯೂ ನೆರವಿಗೆ ಬಂತು. ಆಮದು ಆಟಿಕೆಗಳ ಮೇಲಿನ ಸುಂಕ 2020ರಲ್ಲಿ ಶೇಕಡ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿತು. 2021ರ ಜನವರಿಯಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ, ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಕ ಪಡೆದ ಆಟಿಕೆಗಳಿಗೂ ವಿನಾಯಿತಿ ದೊರೆಯಿತು. 2020ರ ಆಗಸ್ಟ್ 30ರಂದು ಪ್ರಧಾನಿಯವರು ತಮ್ಮ ಆಕಾಶವಾಣಿ ಭಾಷಣದಲ್ಲಿ ಚನ್ನಪಟ್ಟಣದ ಹೆಸರನ್ನು ಹೇಳಿದರು.

ಈಗ ಇನ್ನೊಂದು ಬಗೆಯ ಅಭಿರುಚಿಯ ಮಾತು. ಅಮೆರಿಕದಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ವರ್ಷಗಳ ಹಿಂದೆ ಊರಿಗೆ ಬಂದಾಗ ಒಂದು ಮರದ ಬಟ್ಟಲನ್ನು ಕಾಣಿಕೆಯಾಗಿ ಕೊಟ್ಟ. ಒಳಗೂ ಹೊರಗೂ ರೇಷ್ಮೆಯಂತೆ ನಯ. ಅಂಚು ಮಾತ್ರ ಏರುಪೇರು, ಅದರ ಸುತ್ತ ಒರಟು ತೊಗಟೆ ಹಾಗೆಯೇ ಉಳಿದಿತ್ತು. ಅದನ್ನು ಕಂಡ ನೆರೆಮನೆಯ ಅಜ್ಜಿ, "ಪಾಪ, ಮುಗಿಸುವುದರೊಳಗೆ ಕರೆಂಟು ಹೋಯಿತೇನೋ" ಎಂದರು. ಅದು ಅರೆಬರೆ ಕೆಲಸವಲ್ಲ, ಬೇಕೆಂದೇ ಮಾಡಿದ್ದು ಎಂದು ಅವರನ್ನು ನಂಬಿಸಲು ನನಗೆ ಸಾಕುಬೇಕಾಯಿತು.

ತೊಗಟೆಯಂಚಿನ ಈ ಬಟ್ಟಲು ಮಾಡುವ ಬಗೆ ಸ್ವಾರಸ್ಯಕರವಾಗಿದೆ. ದಿಮ್ಮಿಯನ್ನು ಉದ್ದಕ್ಕೆ ಎರಡು ಹೋಳಾಗಿ ಸೀಳಿ, ಸೀಳಿದ ಮುಖ ತಳವಾಗುವಂತೆ, ತೊಗಟೆಯ ಮುಖ ಬಾಯಿಯಾಗುವಂತೆ ಚರಕಿಗೆ ಕಟ್ಟುತ್ತಾರೆ. ದಿಮ್ಮಿಯ ಹೊರಮೈ ಬಾಗಿರುವುದರಿಂದ ಬಟ್ಟಲಿನ ಅಂಚು ಎರಡು ಕಡೆ ಏರಿ ಎರಡು ಕಡೆ ಇಳಿಯುತ್ತದೆ. ತಿರುಗುವಾಗ ಉಳಿಯು ಅಂಚಿನಲ್ಲಿ ಒಮ್ಮೆ ಮರವನ್ನೂ ಒಮ್ಮೆ ಬರಿಯ ಗಾಳಿಯನ್ನೂ ಸಂಧಿಸುತ್ತದೆ. ಕೈ ಅಳುಕಿದರೆ ತೊಗಟೆ ಹಾರಿಹೋಗುತ್ತದೆ. ಮರದೊಳಗೆ ರಸದ ಓಟ ಕಡಿಮೆಯಿರುವ ಚಳಿಗಾಲದಲ್ಲಿ ಕಡಿದರೆ ತೊಗಟೆ ಚೆನ್ನಾಗಿ ಅಂಟಿಕೊಂಡಿರುತ್ತದಂತೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕ, ಇಂಗ್ಲೆಂಡುಗಳ ಹವ್ಯಾಸಿ ಹಾಗೂ ವೃತ್ತಿನಿರತ ಕಡೆಯುವವರಲ್ಲಿ ಇದು ಬಹಳ ಪ್ರಚಾರಕ್ಕೆ ಬಂತು. 1986ರಲ್ಲಿ ಅಮೆರಿಕದ ಕಡೆಯುವವರೆಲ್ಲ ಸೇರಿ ಒಂದು ರಾಷ್ಟ್ರೀಯ ಸಂಘವನ್ನೇ ಕಟ್ಟಿಕೊಂಡರು. ಯಂತ್ರದಿಂದ ಅಚ್ಚುಹಾಕಿದಂತಹ ವಸ್ತುಗಳಿಂದ ಮನೆ ತುಂಬಿಹೋದ ಮೇಲೆ, ಇದು ಮರವಾಗಿತ್ತು ಎಂದು ತೋರಿಸುವ ವಸ್ತುವಿಗೆ ಬೆಲೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಎರಡು ಸಂಪ್ರದಾಯಗಳ ಅಂತರವನ್ನು ನೋಡಿ. ಚನ್ನಪಟ್ಟಣದಲ್ಲಿ ತೊಗಟೆ ಸುಲಿಯುವುದು ಮೊದಲ ಕೆಲಸ, ಬಿಳಿಮರದ ಮೇಲೆ ಬಣ್ಣದ ಅರಗು ಹೊದಿಸುವುದು ಕೊನೆಯ ಕೆಲಸ. ಅಲ್ಲಿ ತೊಗಟೆಯೇ ಅಲಂಕಾರ. ಬಣ್ಣ ದುರ್ಲಭವಾಗಿದ್ದ ಮನೆಗೆ ಬಣ್ಣ ಬೇಕೆನಿಸುತ್ತದೆ; ಬಣ್ಣ ಸಾಕಾದ ಮನೆಗೆ ಮರ ಬೇಕೆನಿಸುತ್ತದೆ. ನಮ್ಮ ನಗರಗಳಲ್ಲಿಯೂ ಈಗ ಬಣ್ಣವಿಲ್ಲದ, ಬರಿಮರದ ಆಟಿಕೆ ಮತ್ತು ಬಟ್ಟಲುಗಳನ್ನು ಕೇಳುವವರು ಹುಟ್ಟಿಕೊಂಡಿದ್ದಾರೆ. 'ಹಾಗಾದರೆ ಅರಗಿನ ಕಲೆಯ ಗತಿಯೇನು, ಸಂಪ್ರದಾಯ ಕೆಡುವುದಿಲ್ಲವೇ?' ಎಂದು ಕೆಲವರು ಆತಂಕಪಡುತ್ತಾರೆ. ಈ ಕಸುಬಿನ ಚರಿತ್ರೆಯನ್ನು ಬಲ್ಲವರಿಗೆ ಆ ಆತಂಕ ಬೇಕಿಲ್ಲ. ಭರಣಿಯಿಂದ ಗೊಂಬೆಗೆ, ಗೊಂಬೆಯಿಂದ ಮಣಿಪರದೆಗೆ, ಅಲ್ಲಿಂದ ಸಸ್ಯವರ್ಣಕ್ಕೆ ನಡೆದುಬಂದವರು ಅಗತ್ಯ ಬಿದ್ದರೆ ತೊಗಟೆಯಂಚಿಗೂ ನಡೆಯಬಲ್ಲರು. ಆಲೆ ಮರದ ಕಾಂಡ ಸಪುರವಾದ್ದರಿಂದ ಬಟ್ಟಲು ಚಿಕ್ಕದಾದೀತು, ಅಷ್ಟೆ. ಕುಶಲಕರ್ಮಿಯನ್ನು ಒಂದು ಕಾಲದ ರೂಪಕ್ಕೆ ಕಟ್ಟಿಹಾಕಿ ಸಂಪ್ರದಾಯವೆಂದು ಹೊಗಳುವುದು ಅವನಿಗೆ ಮಾಡುವ ಉಪಕಾರವಲ್ಲ.

ನನ್ನನ್ನು ಕಾಡುವ ಸಂಗತಿ ಬೇರೆ. 2023ರ ಮಾರ್ಚ್ 12ರಂದು 118 ಕಿಲೋಮೀಟರ್ ಉದ್ದದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಮೂರು ಗಂಟೆಯ ದಾರಿ ಒಂದೂವರೆ ಗಂಟೆಗೆ ಇಳಿಯಿತು. ರೋಗಿಗಳಿಗೆ, ಉದ್ಯೋಗಿಗಳಿಗೆ ಆದ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಆದರೆ ಹೊಸ ದಾರಿ ರಾಮನಗರ, ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣ ಪೇಟೆಗಳನ್ನು ಬಳಸಿಕೊಂಡು ಹೋಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರಾಕ್ಟರುಗಳಿಗೆ ಅದರ ಮುಖ್ಯಪಥದಲ್ಲಿ ಪ್ರವೇಶವಿಲ್ಲ. ಹಳೆಯ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ನಿಲ್ಲುವ ವಾಹನಗಳು ವಿರಳವಾದವು. ಮದ್ದೂರಿನ ಹೋಟೆಲುಗಳದೂ ಅದೇ ಕಥೆ. ನಮ್ಮ ಬಾಬುರಾಯನಕೊಪ್ಪಲಿನಲ್ಲಿ ಎಳನೀರು, ಕಬ್ಬಿನ ಹಾಲು ಮಾರುವವರು ಹೇಳುವುದೂ ಇದನ್ನೇ.

ಅಂಗಡಿಯವನ ನಷ್ಟವನ್ನು ಲೆಕ್ಕ ಹಾಕಬಹುದು. ಅದರೊಡನೆ ಆದ ಇನ್ನೊಂದು ನಷ್ಟ ಲೆಕ್ಕಕ್ಕೆ ಸಿಗುವಂತಹುದಲ್ಲ. ಹಳೆಯ ದಾರಿಯಲ್ಲಿ ಗಿರಾಕಿ ವಸ್ತುವನ್ನು ಎತ್ತಿ ನೋಡುತ್ತಿದ್ದ, ಮೂಗು ಮುರಿಯುತ್ತಿದ್ದ, ಚೌಕಾಸಿ ಮಾಡುತ್ತಿದ್ದ, 'ಇದು ಹಸಿರಿನಲ್ಲಿ ಇಲ್ಲವೇ, ಇನ್ನೂ ಸ್ವಲ್ಪ ಚಿಕ್ಕದು ಇಲ್ಲವೇ' ಎಂದು ಕೇಳುತ್ತಿದ್ದ. ಆ ಪ್ರಶ್ನೆ ಅಂದೇ ಸಂಜೆ ಚರಕಿಯವನ ಕಿವಿಗೆ ಬೀಳುತ್ತಿತ್ತು. ನೂರಾರು ಅಪರಿಚಿತರ ಇಂತಹ ಸಣ್ಣಪುಟ್ಟ ಮಾತುಗಳೇ ಅವನ ಪಾಠಶಾಲೆ. ಈಗ ಕಂಪ್ಯೂಟರಿನ ಮೂಲಕ ಮಾರಾಟವಿದೆ, ದೊಡ್ಡ ಸಂಸ್ಥೆಗಳು ನಗರದಲ್ಲಿ ವಿನ್ಯಾಸ ಮಾಡಿ ಅಳತೆಯ ಹಾಳೆ ಕಳುಹಿಸುವುದೂ ಇದೆ. ಅದರಿಂದ ಕೂಲಿ ದೊರೆಯುತ್ತದೆ, ಬೇಡವೆನ್ನುವವನು ನಾನಲ್ಲ. ಆದರೆ ಹಾಳೆ ನೋಡಿ ಸಾವಿರ ಒಂದೇ ಬಗೆಯ ಉಂಗುರ ಕಡೆಯುವವನಿಗೂ, ಮಗುವಿನ ದೂರು ಕೇಳಿ ಬುಗುರಿಯ ಭುಜ ತಿದ್ದುವವನಿಗೂ ಅಂತರವಿದೆ. ಮೊದಲನೆಯವನ ಕೈ ಮಾತ್ರ ಬೇಕು, ಎರಡನೆಯವನ ಬುದ್ಧಿಯೂ ಬೇಕು. ಕೈ ಮಾತ್ರ ಬೇಕಾದಲ್ಲಿ ಅವನ ಮಗ ಆ ಕೊಟ್ಟಿಗೆಯಲ್ಲಿ ಏಕೆ ಕೂರಬೇಕು? ಬೆಂಗಳೂರಿನ ಯಾವುದಾದರೂ ಕಾರ್ಖಾನೆಗೆ ಹೋದಾನು.

ಆದ್ದರಿಂದ ಓದುಗರಲ್ಲಿ ನನ್ನದೊಂದು ಸಣ್ಣ ವಿನಂತಿ. ಮುಂದಿನ ಬಾರಿ ಬೆಂಗಳೂರಿಗೆ ಹೋಗುವಾಗ ಸಮಯವಿದ್ದರೆ ಚನ್ನಪಟ್ಟಣದ ಬಳಿ ಹಳೆಯ ರಸ್ತೆಗೆ ಇಳಿಯಿರಿ. ಅಂಗಡಿಯಲ್ಲಿ ಕೊಂಡು ಹೊರಡುವುದಕ್ಕೆ ಮೊದಲು ಒಳಗೆ ಚರಕಿ ತಿರುಗುತ್ತಿದೆಯೇ ಎಂದು ವಿಚಾರಿಸಿ. ತಿರುಗುತ್ತಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ, ಅರಗಿನ ಕಡ್ಡಿ ಕರಗಿ ಮರಕ್ಕೆ ಬಣ್ಣ ಏರುವುದನ್ನು ತೋರಿಸಿ. ನಿಮಗೆ ಬೇಕಾದುದು ಅಲ್ಲಿಲ್ಲದಿದ್ದರೆ ಸುಮ್ಮನೆ ಬರಬೇಡಿ. ಏನು ಬೇಕೆಂದು ಬಾಯಿಬಿಟ್ಟು ಹೇಳಿ. ಉಪ್ಪಿನಕಾಯಿಯ ಬಟ್ಟಲೋ, ಕನ್ನಡಕದ ಗೂಡೋ, ಮೊಮ್ಮಗಳ ಗಿಲಕಿಯೋ, ಬೇಕಾದರೆ ತೊಗಟೆಯಂಚಿನ ಕುಂಕುಮದ ಬಟ್ಟಲೋ. ಒಂದು ವಾರ ಬಿಟ್ಟು ಬನ್ನಿ ಎಂದಾರು. ಹೋಗಿ ತನ್ನಿ. ಸರಿಬಾರದಿದ್ದರೆ ಅದನ್ನೂ ಹೇಳಿ. ಅವರು ಬೇಸರಿಸುವುದಿಲ್ಲ.